ಕಡ್ಡವ್ವನ ಮುಗಿಯದ ಮನೆ

"ಮತ್ತೆ ಬಂದೆಯಾ? ಒಂದು ಕಡ್ಡಿ ನೆಟ್ಟಗೆ ಕೂರಿಸಲು ಬಿಡುವುದಿಲ್ಲವಲ್ಲ ನೀನು," ಎಂದಳು ಕಡ್ಡವ್ವ, ತಲೆ ಎತ್ತದೆ.

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಹುಳುಗಳೆಲ್ಲ ಬರೀ ಹುಳುಗಳೇ. ಯಾರಿಗೂ ರೆಕ್ಕೆ ಇರಲಿಲ್ಲ. ಕಡ್ಡವ್ವ ಎಂಬ ಹುಳು ಜಾಲಿಕೊಂಬೆಯಲ್ಲಿ ಬಾಯಿಂದ ನೂಲು ತೆಗೆದು ಚೀಲ ಹೆಣೆದು, ಹೊರಗೆ ಕಡ್ಡಿ ಅಂಟಿಸಿ ಮನೆ ಕಟ್ಟುತ್ತಿದ್ದಳು. ಅವಳ ಮೈ ಮೆತ್ತಗೆ, ಕಾಗೆಯ ಕಣ್ಣು ಚುರುಕು. ಮನೆಯಿಲ್ಲದೆ ಮೊಟ್ಟೆ ಎಲ್ಲಿಡುವುದು?

ಬಂದವನು ಗಾಳಿಯಪ್ಪ. "ಗುಡ್ಡದ ಮೇಲೆ ಭೂಮಿತಾಯಿ ರೆಕ್ಕೆ ಹಂಚುತ್ತಿದ್ದಾಳೆ. ಹೊತ್ತು ಮುಳುಗಿದರೆ ಮುಗಿಯಿತು. ಬಾರವ್ವ."

"ನಿನಗೇನಪ್ಪ, ಮನೆಯೇ ಇಲ್ಲ, ಊರು ಸುತ್ತುತ್ತೀಯ. ಇದೊಂದು ಕಡ್ಡಿ ಕೂರಿಸಿ ಬರುತ್ತೇನೆ."

ಅವಳ ಗಂಡ ಕಾಯದೆ ಗುಡ್ಡಕ್ಕೆ ಹೊರಟುಹೋದ. ಮಧ್ಯಾಹ್ನ ಗಾಳಿಯಪ್ಪ ಮತ್ತೆ ಬಂದ. "ಇದೊಂದು ಕಡ್ಡಿ," ಎಂದಳು ಕಡ್ಡವ್ವ.

ಗುಡ್ಡದ ಮೇಲೆ ಭೂಮಿತಾಯಿ ಮೊರದ ತುಂಬ ರೆಕ್ಕೆ ಇಟ್ಟುಕೊಂಡು ಕೂತಿದ್ದಳು. ಹಗಲು ತಿರುಗುವವರಿಗೆ ಬಣ್ಣದ ರೆಕ್ಕೆ, ತಲೆಯ ಮೇಲೆ ತುದಿ ಗುಂಡಾದ ಮೀಸೆ. "ನೀವು ಚಿಟ್ಟೆಗಳು." ಇರುಳು ತಿರುಗುವವರಿಗೆ ಧೂಳುಬಣ್ಣದ ರೆಕ್ಕೆ, ಗರಿಯಂಥ ಮೀಸೆ. "ನೀವು ಪತಂಗಗಳು."

ಸಂಜೆ ಗಂಡ ಧೂಳುಬಣ್ಣದ ರೆಕ್ಕೆ ಬಡಿಯುತ್ತ, ಗರಿಮೀಸೆ ಕುಣಿಸುತ್ತ ಹಾರಿಕೊಂಡು ಬಂದ.

"ನನ್ನ ಪಾಲೆಲ್ಲಿ?"

"ಅವರವರ ಬೆನ್ನಿಗೇ ಅಂಟಿಸುತ್ತಾಳೆ ಕಣೇ. ಕೈಗೆ ಕೊಡುವುದಿಲ್ಲ."

"ಮೀಸೆ ಮಾತ್ರ ಮರೆಯದೆ ತಂದಿರಿ."

ಬರಿ ಮೊರ ಹಿಡಿದು ಭೂಮಿತಾಯಿಯೂ ಇಳಿದು ಬಂದಳು. "ರೆಕ್ಕೆಯಿಲ್ಲ, ಗರಿಮೀಸೆಯಿಲ್ಲ. ಇವಳನ್ನು ಯಾವ ಗುಂಪಿಗೆ ಸೇರಿಸಲಿ?"

ಕಡ್ಡವ್ವನ ಕೆಲಸ ಅಂದು ಮೊದಲ ಸಲ ನಿಂತಿತು. ತನಗೆ ಗುಂಪಿಲ್ಲವೆಂದರೆ ಮಕ್ಕಳಿಗೂ ಇಲ್ಲ. "ತಾಯೀ, ನಾನಿಡುವ ಮೊಟ್ಟೆಗಳ ಗತಿ?"

ಭೂಮಿತಾಯಿ ಚೀಲದೊಳಗೆ ಇಣುಕಿದಳು. ಒಳಗೆ ಬೆಚ್ಚಗಿತ್ತು. "ಮಕ್ಕಳು ಅಪ್ಪನಂತೆ ಪತಂಗಗಳು, ಮಕ್ಕಳ ಕುಲವೇ ನಿನ್ನ ಕುಲ. ನೀನೂ ಪತಂಗವೇ. ಗಂಡುಮಕ್ಕಳಿಗೆ ಅಪ್ಪನ ರೆಕ್ಕೆ, ಹೆಣ್ಣುಮಕ್ಕಳಿಗೆ ನಿನ್ನ ಮನೆ."

ಕಡ್ಡವ್ವ ಒಳಗೆ ಸೇರಿ ಮೊಟ್ಟೆಯಿಟ್ಟಳು. ಮತ್ತೆ ಹೊರಗೆ ಬರಲಿಲ್ಲ, ಮೊಟ್ಟೆಯೊಡೆಯುವ ಮೊದಲೇ ಅಲ್ಲೇ ಜೀವ ಬಿಟ್ಟಳು.

ಅದಕ್ಕೇ ಇಂದಿಗೂ ಜಾಲಿಗಿಡದಲ್ಲಿ ಕಡ್ಡಿಕಟ್ಟೊಂದು ತೂಗುತ್ತಿರುತ್ತದೆ. ಹಾರಿ ಬರುವುದು ಗಂಡು, ಒಳಗಿರುವುದು ಹೆಣ್ಣು. ಮೊಟ್ಟೆಯೊಡೆದ ಮರಿಗಳು ನೂಲು ಹಿಡಿದು ಜೋತುಬೀಳುತ್ತವೆ. ಗಾಳಿಯಪ್ಪ ಮತ್ತೆ ಬರುತ್ತಾನೆ, ಒಂದೊಂದನ್ನೇ ಎತ್ತಿಕೊಂಡು ಹೋಗುತ್ತಾನೆ. ಕೊನೆಯ ಮಗಳು ಮಾತ್ರ ಬಾಗಿಲಲ್ಲಿ ಒಂದು ಗಳಿಗೆ ತಿರುಗಿ ಕೇಳುತ್ತಾಳೆ.

"ಅವ್ವಾ, ಕಡ್ಡಿಯೆಲ್ಲ ಕೂರಿಸಿಯಾಯಿತಲ್ಲ, ಇನ್ನು ನೀನೂ ಬರುತ್ತೀಯಾ?"