ಓಗೊಟ್ಟ ಬಾಗಿಲು

ಪಡುಕಡವಿನಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ನಿಂತಿರುವ ಪರಂಗಿಯವರ ಮುರಕಲ್ಲಿನ ಕೋಟೆಗೆ ಈಗ ಭಾನುವಾರ ಬಂತೆಂದರೆ ಜನವೋ ಜನ. ತುಕ್ಕು ಹಿಡಿದ ತೋಪನ್ನು ತಬ್ಬಿಕೊಂಡು ಫೋಟೋ ತೆಗೆಸುತ್ತಾರೆ, ಕಡಲೆಕಾಯಿ ಸಿಪ್ಪೆ ಚೆಲ್ಲಿ ಹೋಗುತ್ತಾರೆ. ಹೊಳೆಯ ಕಡೆಯ ಬಾಗಿಲಲ್ಲಿ ಯಾರೋ ‘ಪಶ್ಚಿಮ ದ್ವಾರ’ ಎಂದು ಫಲಕ ನೆಟ್ಟಿದ್ದಾರೆ. ನೆಡುವ ಮೊದಲು ಊರಿನ ಒಬ್ಬ ಮುದುಕನನ್ನಾದರೂ ಕೇಳಬಾರದಿತ್ತೇ? ನಾವು ಅದನ್ನು ಓಗೊಟ್ಟ ಬಾಗಿಲು ಎನ್ನುತ್ತೇವೆ. ನಮ್ಮಜ್ಜಿ ಅದರ ಕಥೆಯನ್ನು ಹಾಡುಹಗಲಲ್ಲೂ ದನಿ ತಗ್ಗಿಸಿಯೇ ಹೇಳುತ್ತಿದ್ದಳು.

ಹಿಂದೆ ಒಮ್ಮೆ, ಮೆಣಸಿನ ಆಸೆಗೆ ಬಂದ ಪರಂಗಿಯವರು ಇಲ್ಲಿ ಬೇರೂರಿದ್ದ ಕಾಲದಲ್ಲಿ, ಆ ಬಾಗಿಲನ್ನು ಕಾಯುತ್ತಿದ್ದವನು ನಮ್ಮೂರಿನ ದೂಮಣ್ಣ ಎನ್ನುತ್ತಾರೆ. ಹೆಂಡತಿ ತೀರಿಹೋಗಿದ್ದಳು. ಇದ್ದವನು ಸಂಕು ಎಂಬ ಒಬ್ಬನೇ ಮಗ. ದೋಣಿಯಲ್ಲಿ ಕೋಟೆಗೆ ಅಕ್ಕಿ ತರುವುದು ಅವನ ಕೆಲಸ. ಆ ವರ್ಷ, ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ, ಪರಂಗಿಯವರ ಮೇಲೆ ಮುನಿದ ಅರಸನ ಬಿಲ್ಲಾಳುಗಳು ದಡದಲ್ಲಿ ಹೊಂಚು ಹಾಕಿದ್ದರು. ಒಂದು ಮಧ್ಯಾಹ್ನ, ಎದುರಿನ ಮನುಷ್ಯನೂ ಕಾಣದಂಥ ಮಳೆಯಲ್ಲಿ, ಹೊರಗಿನಿಂದ “ಅಪ್ಪಾ” ಎಂಬ ಕೂಗು ಕೇಳಿತು. ಮಗನದೇ ದನಿ. ದೂಮಣ್ಣನ ಕೈ ಅಗುಳಿಗೆ ಹೋಯಿತು, ಅಲ್ಲಿಯೇ ನಿಂತಿತು. ನಮ್ಮ ಕಡೆ ಆಟಿಯ ಮಳೆಯಲ್ಲಿ ಒಂದೇ ಕೂಗಿಗೆ ಓಗೊಡುವ ಕ್ರಮವಿಲ್ಲ. ಮನುಷ್ಯನಾದರೆ ಮತ್ತೆ ಕರೆಯುತ್ತಾನೆ. ಪ್ರೇತ ಒಂದೇ ಸಲ ಕರೆಯುತ್ತದೆ, ಓಗೊಟ್ಟವನನ್ನು ಕರೆದುಕೊಂಡೇ ಹೋಗುತ್ತದೆ. ‘ಇನ್ನೊಂದು ಸಲ ಕರೆ ಮಗಾ’ ಎನ್ನಲೂ ಅವನಿಗೆ ಬಾಯಿಲ್ಲ, ಏಕೆಂದರೆ ಹಾಗೆಂದರೆ ಅದೇ ಓಗೊಟ್ಟಂತೆ. ಕದಕ್ಕೆ ಕಿವಿಯಿಟ್ಟು ಕಾದ. ಮಳೆ ನಿಂತು ಹೊಳವಾದ ಮೇಲೆ ತೆರೆದು ನೋಡಿದರೆ ಸಂಕು ಹೊಸ್ತಿಲಿಗೆ ತಲೆಯಿಟ್ಟು ಸತ್ತುಬಿದ್ದಿದ್ದ. ಕುತ್ತಿಗೆಯಲ್ಲಿ ಬಾಣ. ಎರಡನೆಯ ಸಲ ಕರೆಯಲು ಅವನಲ್ಲಿ ಉಸಿರೆಲ್ಲಿತ್ತು! ಅಯ್ಯೋ, ಆ ತಂದೆಯ ಸಂಕಟ ಶತ್ರುವಿಗೂ ಬೇಡ.

ಮರುವರ್ಷ ಆಟಿ ಬಂತು. ಅಂಥದೇ ಮಳೆ, ಅಂಥದೇ ಮಧ್ಯಾಹ್ನ. ಹೊರಗಿನಿಂದ “ಅಪ್ಪಾ” ಎಂದು ಒಂದೇ ಕೂಗು. ಜೊತೆಯ ಕಾವಲಿನವರು ದೂಮಣ್ಣನ ತೋಳು ಹಿಡಿದು, “ಬೇಡ ಮಾರಾಯ, ಅದು ನಿನ್ನ ಮಗ ಅಲ್ಲ” ಎಂದರು. “ಗೊತ್ತು. ಆದರೆ ಹೋದ ಸಲ ಅವನೇ ಆಗಿದ್ದನಲ್ಲ” ಎಂದನಂತೆ ದೂಮಣ್ಣ. ಕೈ ಕೊಸರಿಕೊಂಡು, “ಬಂದೆ ಮಗಾ” ಎಂದು ಗಟ್ಟಿಯಾಗಿ ಓಗೊಟ್ಟು, ಕದ ತೆರೆದು ಮಳೆಗಿಳಿದ. ಮತ್ತೆ ಅವನನ್ನು ಕಂಡವರಿಲ್ಲ. ಹಿಂದಿನಿಂದ ಕದ ಮುಚ್ಚಲು ಹೋದವರಿಗೆ ಅದು ಅಲುಗಲಿಲ್ಲ. ಪರಂಗಿಯವರು ಅದನ್ನು ಕಡಿದು ಸುಟ್ಟು ಹೊಸದನ್ನು ಹಾಕಿಸಿದರು. ಅವರ ನಂತರ ಬಂದ ಕುಂಪಣಿಯವರೂ ಹಾಕಿಸಿದರು. ಆಟಿಯ ಮೊದಲ ಮಳೆಗೇ ಅದು ತಾನಾಗಿ ತೆರೆದುಕೊಳ್ಳುತ್ತಿತ್ತು ಎನ್ನುತ್ತಾರೆ. ಕೊನೆಗೆ ಎಲ್ಲರೂ ಕೈಬಿಟ್ಟರು.

ಇವತ್ತಿಗೂ ನೋಡಬಹುದು, ಕೋಟೆಯ ಉಳಿದ ಬಾಗಿಲುಗಳಿಗೆಲ್ಲ ಕದವಿದೆ, ಇದಕ್ಕಿಲ್ಲ. ಗೋಡೆಯಲ್ಲಿ ಕದದ ಗೂಟದ ತೂತುಗಳು ಮಾತ್ರ ಉಳಿದಿವೆ. ಒಳಗೆ ಕಾಲಿಡುವಾಗ ನಮ್ಮೂರಿನವರು ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ದೂಮಣ್ಣ ಹೊರಗೆ ಹೋದದ್ದನ್ನು ಎಲ್ಲರೂ ನೋಡಿದರು. ಅವನು ತೆರೆದ ಬಾಗಿಲಿನಿಂದ ಒಳಗೆ ಬಂದದ್ದೇನೆಂದು ಯಾರೂ ನೋಡಲಿಲ್ಲ.