ಅರ್ಧ ಅಂಕೆ

"ಅಜ್ಜಾರೆ, ಹಳೆಯ ಮನುಷ್ಯ ಹೊಸಬನಾಗಬೇಕಾದರೆ ಹಿಂದಿನದನ್ನು ಎಷ್ಟು ಅಳಿಸಬೇಕು?" ಎಂದು ಪರಸಪ್ಪ ಕೇಳಿದ.

ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮರುದಿನ ಪರಸಪ್ಪನಿಗೆ ದೀಕ್ಷೆ. ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಒಂದು ಹೊಡೆದಾಟದಲ್ಲಿ ಒಬ್ಬನ ಕೈ ಕಡಿದು ನಾಲ್ಕು ವರ್ಷ ಜೈಲಿನಲ್ಲಿದ್ದ. ಆ ದಿನ ಬಿದ್ದ ಕುಡುಗೋಲಿನ ಗಾಯ ಅವನ ಬಲಗೈಯ ಮೇಲೂ ಉದ್ದಕ್ಕೆ ಉಳಿದಿತ್ತು. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿ ಹಾಕಿಕೊಂಡೇ ಇರುತ್ತಿದ್ದ. ಮಠದಲ್ಲಿ ಯಾರಿಗೂ ಗೊತ್ತಿಲ್ಲ ಎಂದು ನಂಬಿದ್ದ. ಗೊತ್ತಾದರೆ ದೀಕ್ಷೆ ಹಾಗಿರಲಿ, ಊಟದ ಪಂಕ್ತಿಯಲ್ಲೂ ಜಾಗ ಸಿಗದು ಎಂದು ಹೆದರಿದ್ದ. ನಾಳೆ ಎಲ್ಲರ ಮುಂದೆ ಬರಿಮೈಯಲ್ಲಿ ಕೂರಬೇಕು. ವಿಭೂತಿಯನ್ನು ಗಟ್ಟಿಯಾಗಿ ಕಲಸಿ ಮೊಣಕೈವರೆಗೆ ಮೆತ್ತಿಕೊಂಡರೆ ಗಾಯ ಕಾಣಿಸದು ಎಂದು ಲೆಕ್ಕ ಹಾಕಿದ್ದ.

"ಕೂರು. ಸುಲಿ" ಎಂದರು ಅಜ್ಜನವರು. ರಾಶಿಯಲ್ಲಿ ಅರ್ಧದಷ್ಟು ಕಾಯಿ ಅವನ ಕಡೆ ತಳ್ಳಿ ಕತೆ ಹೇಳಿದರು.

ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಅಣ್ಣ ಹಡಗಿನ ಕೆಲಸಕ್ಕೆಂದು ಹೋಗಿ ಪರದೇಶದಲ್ಲೇ ನಿಂತುಬಿಟ್ಟ. ಅಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ ಕೊಂಡು ಮೂವತ್ತು ವರ್ಷ ಓಡಿಸಿದ. ಬರೆದ ಕಾಗದದಲ್ಲೆಲ್ಲ ಒಂದೇ ಮಾತು: ಒಂದಲ್ಲ ಒಂದು ದಿನ ಇದರ ಮೇಲೆ ನಿನ್ನನ್ನು ಕೂರಿಸಿಕೊಂಡು ನಮ್ಮೂರ ಘಾಟಿ ಇಳಿಯುತ್ತೇನೆ. ಇಳಿಯಲಿಲ್ಲ. ಅಲ್ಲಿಯೇ ತೀರಿಕೊಂಡ. ಗಾಡಿ ಮಾತ್ರ ಮರದ ಪೆಟ್ಟಿಗೆಯಲ್ಲಿ ಬಂದರಿಗೆ ಬಂತು.

ಪರದೇಶದ ಗಾಡಿ ನಮ್ಮ ರಸ್ತೆಗೆ ಇಳಿಯಬೇಕಾದರೆ ಇಲ್ಲಿಯ ನೋಂದಣಿ ಬೇಕು. ಬಂದರಿನವರು ಗಾಡಿಯ ಕಾಗದಗಳನ್ನು ಸಾರಿಗೆ ಕಚೇರಿಗೆ ಕಳಿಸಿದರು. ತಮ್ಮನ ಕೈಗೆ ಗಾಡಿಯ ನಂಬರು ಬರೆದ ಒಂದು ಚೀಟಿ ಕೊಟ್ಟರು. ಆರು ತಿಂಗಳೊಳಗೆ ನೋಂದಣಿ ಆಗದಿದ್ದರೆ ಗಾಡಿ ಗುಜರಿಗೆ ಎಂದರು.

ಗಾಡಿ ತುಕ್ಕು ಹಿಡಿದಿತ್ತು. ಹ್ಯಾಂಡಲಿನ ಕೆಳಗೆ, ಚಾಸಿಯ ಕುತ್ತಿಗೆಯಲ್ಲಿ, ಅಣ್ಣ ಯಾವಾಗಲೋ ಬಿದ್ದು ಮುರಿದುಕೊಂಡ ಕಡೆ ವೆಲ್ಡಿಂಗ್ ಗಂಟು ಇತ್ತು. ಇಂಥದ್ದನ್ನು ಅಧಿಕಾರಿಯ ಮುಂದೆ ನಿಲ್ಲಿಸುವುದು ಹೇಗೆ ಎಂದು ಗಡಿಯಾರದವನಿಗೆ ನಾಚಿಕೆಯಾಯಿತು. ಒಬ್ಬ ಮೆಕ್ಯಾನಿಕ್‌ಗೆ ಒಪ್ಪಿಸಿದ. ಮೆಕ್ಯಾನಿಕ್ ಐದು ತಿಂಗಳು ಇಟ್ಟುಕೊಂಡ. ಪುಟ್ಟಿ ಮೆತ್ತಿದ, ಉಜ್ಜಿದ, ನವಿಲಿನ ಬಣ್ಣ ಹೊಡೆದ.

"ಹೇಗಿದೆ ಸಾಹೇಬ್ರೆ? ನಿಮ್ಮ ಅಣ್ಣನೇ ಎದ್ದು ಬಂದರೂ ಗುರುತು ಹಿಡಿಯಬಾರದು!" ಎಂದ.

ಗಡಿಯಾರದವನು ಹೆಮ್ಮೆಯಿಂದ ಕಚೇರಿಗೆ ಒಯ್ದ. ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿಯನ್ನು ಒಂದು ಸುತ್ತು ಹಾಕಿದ. ಬ್ರೇಕು, ದೀಪ, ಹಾರ್ನು ಎಲ್ಲ ನೋಡಿದ. ಆಮೇಲೆ ಚಾಸಿಯ ಕುತ್ತಿಗೆಗೆ ಒಂದು ಕಾಗದ ಒತ್ತಿ ಹಿಡಿದು, ಅದರ ಮೇಲೆ ಪೆನ್ಸಿಲ್ ಉಜ್ಜಿದ. ಕಬ್ಬಿಣದಲ್ಲಿ ಕೊರೆದ ನಂಬರು ಹೀಗೆ ಕಾಗದಕ್ಕೆ ಇಳಿಯಬೇಕು. ಎಲ್ಲ ಗಾಡಿಗೂ ಅದೇ ಕ್ರಮ. ಕಾಗದ ಬರೀ ಕಪ್ಪಾಯಿತು.

"ನಂಬರು ಎಲ್ಲಿ?"

"ಗಾಡಿ ಅದೇ ಸ್ವಾಮಿ. ನಮ್ಮ ಅಣ್ಣನದೇ."

"ಮದುಮಗ ಲಕ್ಷಣವಾಗಿದ್ದಾನೆ. ಯಾರ ಮಗ ಅಂತ ಕೇಳಿದರೆ ಹೇಳುವವರಿಲ್ಲ. ತಗೊಂಡು ಹೋಗಿ."

ಇನ್ನು ಉಳಿದದ್ದು ಹತ್ತು ದಿನ. ಮೆಕ್ಯಾನಿಕ್ ಸಂಗತಿ ಕೇಳಿ ನಕ್ಕ.

"ಇಷ್ಟಕ್ಕೇ ಮುಖ ಸಪ್ಪಗೆ ಮಾಡಿಕೊಂಡಿರಾ? ಚೀಟಿಯಲ್ಲಿ ನಂಬರು ಇದೆಯಲ್ಲ. ನನ್ನ ಹತ್ತಿರ ಅಂಕೆ ಹೊಡೆಯುವ ಅಚ್ಚು ಇದೆ. ಅರ್ಧ ಗಂಟೆ ಕೂರಿ. ಒಂದೊಂದು ಅಂಕೆಯೂ ಮುತ್ತಿನ ಹಾಗೆ ಇಳಿಸಿಕೊಡುತ್ತೇನೆ."

ಗಡಿಯಾರದವನು ಇನ್ನೇನು ಹೂಂ ಎನ್ನುವುದರಲ್ಲಿದ್ದ. ಮೆಕ್ಯಾನಿಕ್ ಸುತ್ತಿಗೆ ಎತ್ತಿದ್ದನ್ನು ಕಂಡು ತಡೆದ. ಕೈಗಡಿಯಾರದ ಹಿಂದಿನ ಮುಚ್ಚಳ ತೆಗೆದರೆ, ಮೊದಲು ರಿಪೇರಿ ಮಾಡಿದವರು ಸೂಜಿಯಿಂದ ಗೀಚಿದ ಗುರುತುಗಳು ಒಳಗೆ ಇರುತ್ತವೆ. ಯಾರ ಕೈ, ಯಾವ ವರ್ಷ, ಏನು ಕೆಟ್ಟಿತ್ತು. ಅವನು ಅದನ್ನು ಓದಿಯೇ ಕೆಲಸ ಶುರು ಮಾಡುವವನು. ಇಷ್ಟು ವರ್ಷದಲ್ಲಿ ಒಂದನ್ನೂ ಉಜ್ಜಿದವನಲ್ಲ.

"ಗಂಟನ್ನು ಅರ ಹಾಕಿ ತೆಗೆದೆಯೋ, ಮೇಲೆ ಮೆತ್ತಿದೆಯೋ?" ಎಂದು ಕೇಳಿದ.

"ಮೆತ್ತಿದ್ದು. ಯಾಕೆ?"

"ಹಾಗಾದರೆ ಬೇಡ" ಎಂದು ಗಾಡಿಯನ್ನು ಮನೆಗೆ ತಳ್ಳಿಕೊಂಡು ಹೋದ.

ಅಂಗಡಿ ಮುಚ್ಚಿ, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಗಡಿಯಾರದ ಹತಾರಗಳಿಂದಲೇ ಕುತ್ತಿಗೆಯನ್ನು ಕೆರೆಯತೊಡಗಿದ. ಐದು ತಿಂಗಳ ಬಣ್ಣ ಸುಲಭಕ್ಕೆ ಬಿಡಲಿಲ್ಲ. ನಾಲ್ಕನೆಯ ದಿನ ಅಣ್ಣನ ವೆಲ್ಡಿಂಗ್ ಗಂಟು ಹೊರಬಂತು. ಒರಟು ಕೆಲಸ. ಅದರ ಪಕ್ಕದಲ್ಲೇ ನಂಬರು. ಆದರೆ ಗಂಟು ಕೊನೆಯ ಅಂಕೆಯ ಎಡಭಾಗವನ್ನು ನುಂಗಿತ್ತು. ಮೂರೂ ಇರಬಹುದು, ಎಂಟೂ ಇರಬಹುದು. ಚೀಟಿಯಲ್ಲಿ ಎಂಟು ಎಂದಿತ್ತು. ಸಣ್ಣ ಉಳಿಯಿಂದ ಎರಡು ಗೀರು ಎಳೆದರೆ ಎಂಟಾಗುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಅವನ ಕೈ ಅಂಥ ಕೈ. ಉಳಿ ಎತ್ತಿದ. ನೋಡಿದ. ಕೆಳಗಿಟ್ಟ.

ಕೊನೆಯ ದಿನ ಹಾಗೆಯೇ ಕಚೇರಿಗೆ ಹೋದ. ನವಿಲಿನ ಬಣ್ಣದ ಗಾಡಿ, ಕುತ್ತಿಗೆಯಲ್ಲಿ ಮಾತ್ರ ಹುಣ್ಣು ಕೆರೆದ ಹಾಗೆ ಬರಿಯ ಕಬ್ಬಿಣ. ಇನ್‌ಸ್ಪೆಕ್ಟರ್ ಪೆನ್ಸಿಲ್ ಉಜ್ಜಿದ. ಕಪ್ಪಿನ ನಡುವೆ ಅಂಕೆಗಳು ಬೆಳ್ಳಗೆ ಮೂಡಿದವು.

"ಕೊನೆಯದು ಅರ್ಧವೇ ಇದೆ."

"ಹೌದು ಸ್ವಾಮಿ."

"ನಿಮ್ಮ ಕೈಯಲ್ಲಿ ಕಸುಬಿದೆ. ತುಂಬಿಸಿಕೊಳ್ಳಬಹುದಿತ್ತು."

"ಬಹುದಿತ್ತು."

ಇನ್‌ಸ್ಪೆಕ್ಟರ್ ಪರದೇಶದಿಂದ ಬಂದ ಕಾಗದ ತೆಗೆದು ಓದಿದ. "ಚಾಸಿಯ ಕುತ್ತಿಗೆಯಲ್ಲಿ ವೆಲ್ಡಿಂಗ್ ಗಂಟು ಇದೆ. ಕೊನೆಯ ಅಂಕೆ ಅರ್ಧ ಮುಚ್ಚಿದೆ. ನಿಮ್ಮ ಅಣ್ಣ ಬಿದ್ದ ವರ್ಷವೇ ಅಲ್ಲಿಯ ಕಚೇರಿಗೆ ಹೋಗಿ ಬರೆಸಿದ್ದಾರೆ. ಅಂಕೆ ಪೂರ್ತಿ ಇದ್ದಿದ್ದರೆ, ಈ ಗಾಡಿ ಆ ಗಾಡಿಯಲ್ಲ ಎಂದು ಬರೆದು ಗುಜರಿಗೆ ಕಳಿಸುತ್ತಿದ್ದೆ."

ಗಡಿಯಾರದವನಿಗೆ ಸಿಟ್ಟು ಬಂತು. "ಮೊದಲೇ ಒಂದು ಮಾತು ಹೇಳಬಾರದಿತ್ತೇ ಸ್ವಾಮಿ!"

"ನೀವು ಬಂದ ದಿನವೇ ಓದಿದ್ದೆ. ಹೇಳಿದ್ದರೆ ನಿಮ್ಮ ಮೆಕ್ಯಾನಿಕ್ ಗಂಟನ್ನೂ ಮಾಡಿಕೊಡುತ್ತಿದ್ದ."

ನೋಂದಣಿ ಆಯಿತು. ಕುತ್ತಿಗೆಗೆ ಅವನು ಮತ್ತೆ ಬಣ್ಣ ಹೊಡೆಯಲಿಲ್ಲ, ತುಕ್ಕು ಹಿಡಿಯದಂತೆ ಎಣ್ಣೆ ಸವರಿದ. ಭಾನುವಾರ ಘಾಟಿ ಇಳಿದ. ಗಾಡಿ ಚೆನ್ನಾಗಿ ಓಡಿತು.

ಅಜ್ಜನವರು ಕತೆ ನಿಲ್ಲಿಸಿ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. ಪರಸಪ್ಪ ಒಂದೇ ಕಾಯಿಯನ್ನು ಬಹಳ ಹೊತ್ತಿನಿಂದ ಹಿಡಿದುಕೊಂಡಿದ್ದ.

"ಆ ಇನ್‌ಸ್ಪೆಕ್ಟರ್ ಎಂಥ ಮನುಷ್ಯ ಅಜ್ಜಾರೆ," ಎಂದ ಕಡೆಗೆ. "ಗೊತ್ತಿದ್ದೂ ಗೊತ್ತಿದ್ದೂ ಸುಮ್ಮನೆ ಕಾಯುತ್ತಾ ಕೂತನಲ್ಲ!"

"ನೀನು ಬಂದ ದಿನವೇ ನಾನೂ ಓದಿದ್ದೆ" ಎಂದರು ಅಜ್ಜನವರು.

ಪರಸಪ್ಪ ಕೈಯಲ್ಲಿದ್ದ ಕಾಯಿಯನ್ನು ಸುಲಿದ. ಮರುದಿನ ವಿಭೂತಿಯನ್ನು ಎಲ್ಲರಷ್ಟೇ ಹಚ್ಚಿಕೊಂಡ.