ಹುರುಳಿಕಟ್ಟೆಯ ಬಿಡೋಬಂಡೆ

ಹುರುಳಿಕಟ್ಟೆ ಊರಿನ ಪಡುವಣಕ್ಕೆ ಆನೆಯ ಬೆನ್ನಿನಂಥ ಬೋಳು ಬಂಡೆಯೊಂದಿದೆ. ಹತ್ತುವುದೇನೋ ಸಲೀಸು, ತುದಿಗೆ ಹೋಗಿ ಇಣುಕಿದವರು ಮಾತ್ರ ಅಂಬೆಗಾಲಿನಲ್ಲೇ ಹಿಂದಕ್ಕೆ ಬರುತ್ತಾರೆ. ಅಲ್ಲಿಂದಾಚೆ ನೆಲವೇ ಇಲ್ಲ, ಬಹಳ ಕೆಳಗೆ ಕಾರೆಮುಳ್ಳಿನ ಕಣಿವೆ. ಆ ತುದಿಯಿಂದ ಗೇಣು ಹಿಂದೆ ಕಲ್ಲಿನಲ್ಲಿ ಕುದುರೆಯ ಗೊರಸಿನ ಗುರುತುಗಳು, ಅವುಗಳ ಹಿಂದೆ ಉದ್ದಕ್ಕೆ ಜಾರಿದ ಗೀರು. ಇದೇ ಬಿಡೋಬಂಡೆ. ಇಷ್ಟು ದೊಡ್ಡ ಬಂಡೆಗೆ ಇಂಥ ಮರ್ಯಾದೆಗೆಟ್ಟ ಹೆಸರು ಹೇಗೆ ಬಂತೆಂದು ಬಂದವರೆಲ್ಲ ಕೇಳುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಜಡೆನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಮೊದಲು ಮೀಸೆ ಚಾವಡಿಗೆ ಬರುತ್ತಿತ್ತು, ಸ್ವಲ್ಪ ಹೊತ್ತಾದ ಮೇಲೆ ನಾಯಕ ಬರುತ್ತಿದ್ದ ಎನ್ನುತ್ತಾರೆ. ಅವನ ಲಾಯದಲ್ಲಿ ಕೆಂಚಿ ಎಂಬ ಹೆಣ್ಣುಕುದುರೆ ಇತ್ತು. ಹಿಂದಿನ ಸವಾರನೊಬ್ಬ ಕಡಿವಾಣ ಜಗ್ಗಿ ಜಗ್ಗಿ ಅದರ ನಾಲಿಗೆಯನ್ನೇ ಸೀಳಿದ್ದ. ಅಂದಿನಿಂದ ಕಬ್ಬಿಣದ ಸದ್ದು ಕೇಳಿದರೆ ಸಾಕು, ಗೋಡೆ ಒದೆಯುತ್ತಿತ್ತು. ಲಾಯದ ರಾವುತ ಗುಜ್ಜಪ್ಪ ಅದಕ್ಕೆ ಬೇರೆಯೇ ಪಾಠ ಕಲಿಸಿದ. ಬಾಯಿಗೆ ಏನೂ ಇಲ್ಲ, ಕೊರಳಿಗೊಂದು ಹಗ್ಗ, ಅಷ್ಟೇ. ಹಗ್ಗ ಬಿಗಿ ಹಿಡಿದರೆ ಓಡಬೇಕು, ಬಿಟ್ಟರೆ ನಿಲ್ಲಬೇಕು, ನಿಂತರೆ ಬೇಯಿಸಿದ ಹುರುಳಿ. ಹುರುಳಿ ಸಿಗುತ್ತದೆಂದರೆ ಕೆಂಚಿ ಗಾಳಿಯಲ್ಲಾದರೂ ನಿಂತೀತು.

ಆದರೆ ಕಡಿವಾಣ ಕಚ್ಚದ ಕುದುರೆಯನ್ನು ಕೋಟೆಯಲ್ಲಿ ಉಳಿಸುವ ಪದ್ಧತಿ ಇರಲಿಲ್ಲ. ಈಟಿಯಿಂದ ತಿವಿದು ಹದ್ದುಗಳಿಗೆ ಹಾಕುತ್ತಿದ್ದರು. ಆಯುಧಪೂಜೆಯ ದಿನ ಲಾಯಕ್ಕೆ ಬಂದ ನಾಯಕನ ಕಣ್ಣಿಗೆ ಬರಿಬಾಯಿಯ ಕೆಂಚಿ ಬಿತ್ತು. ಈಟಿಯವನನ್ನು ಕರೆದ. ಗುಜ್ಜಪ್ಪ ಕಾಲಿಗೆ ಬಿದ್ದು, "ಬುದ್ಧಿ, ಒಂದು ಸಲ ಸವಾರಿ ನೋಡಿ, ಆಮೇಲೆ ತಿವಿಸಿ" ಎಂದ.

"ಸವಾರಿ ನಾನೇ ಮಾಡ್ತೀನಿ. ನಿಲ್ಲಿಸಿದ ಕಡೆ ನಿಲ್ಲದಿದ್ರೆ ಇದರ ಜೊತೆ ನಿನಗೂ ಈಟಿ."

"ನಿಲ್ಲಿಸೋದಕ್ಕೆ ಹಗ್ಗಾನ..." ಎಂದು ಗುಜ್ಜಪ್ಪ ಬಾಯಿ ತೆರೆಯುವಷ್ಟರಲ್ಲಿ ನಾಯಕ, "ಕುದುರೆ ಹತ್ತೋದನ್ನ ನನಗೇ ಹೇಳಿಕೊಡ್ತೀಯೇನೋ, ಲದ್ದಿ ಬಾಚೋನೇ!" ಎಂದು ಗದರಿ ಹತ್ತಿಯೇಬಿಟ್ಟ.

ಕೆಂಚಿ ಲಾಯದಿಂದ ಹೊರಟು ಪಡುವಣದ ಬಂಡೆ ಹತ್ತಿತು, ಪೂಜೆಗೆ ನೆರೆದಿದ್ದ ಊರೆಲ್ಲ ಹಿಂದೆಯೇ ಓಡಿತು. ಬಂಡೆಯ ಅರ್ಧಕ್ಕೆ ಬಂದಾಗ ನಿಲ್ಲಿಸಲೆಂದು ನಾಯಕ ಹಗ್ಗ ಜಗ್ಗಿದ. ಅದು ಓಡಿತು. ಇನ್ನೂ ಜಗ್ಗಿದ. ಇನ್ನೂ ಜೋರಾಗಿ ಓಡಿತು. ಪಾಪ, ಹಿಡಿದದ್ದನ್ನು ಬಿಟ್ಟು ಗೊತ್ತೇ ಇಲ್ಲದ ಕೈ! ತುದಿ ಹತ್ತಿರವಾಯಿತು, ನೋಡುತ್ತಿದ್ದ ಊರಿಗೆ ಊರೇ ಉಸಿರು ಹಿಡಿಯಿತು. ಆಗ ಗುಜ್ಜಪ್ಪ ಎದೆ ಬಿರಿಯುವಂತೆ ಕೂಗಿದ: "ಬಿಡೋ! ಹಗ್ಗ ಬಿಡೋ!"

ದೊರೆಗೆ 'ಬಿಡೋ'! ಕಣಿವೆಯ ಕಡೆ ನೋಡುತ್ತಿದ್ದವರೆಲ್ಲ ಗಕ್ಕನೆ ತಿರುಗಿ ಗುಜ್ಜಪ್ಪನನ್ನೇ ನೋಡಿದರಂತೆ. ಹುಟ್ಟಿದಾಗಿನಿಂದ ಕೇಳದ ಮಾತು ಕಿವಿಗೆ ಬಿದ್ದ ಆಘಾತಕ್ಕೆ ನಾಯಕನ ಬೆರಳು ಸಡಿಲಗೊಂಡು ಹಗ್ಗ ಜಾರಿತು. ಕೆಂಚಿ ಗೊರಸು ಊರಿ, ಕಲ್ಲು ಗೀರಿ, ನಿಂತಿತು. ನಾಯಕನ ರುಮಾಲು ಮಾತ್ರ ನಿಲ್ಲದೆ ಕಣಿವೆಗೆ ಹೋಯಿತು. ಕೆಂಚಿ ಏನೂ ಆಗದಂತೆ ಕತ್ತು ಹಿಂದಕ್ಕೆ ಹೊರಳಿಸಿ, ದೊರೆಯ ನಡುಪಟ್ಟಿಯಲ್ಲಿ ಹುರುಳಿ ಹುಡುಕತೊಡಗಿತು.

ನಾಯಕ ಇಳಿದು, "ನನ್ನನ್ನ ಏನಂದೆ?" ಎಂದ.

"'ದಯಮಾಡಿ ತಾವು ಹಗ್ಗ ಬಿಡೋಣವಾಗಲಿ' ಅನ್ನುವಷ್ಟರಲ್ಲಿ ತಾವು ಕೆಳಗಿರ್ತಿದ್ರಿ, ಬುದ್ಧಿ."

ನಾಯಕ ರುಮಾಲು ಬಿದ್ದ ಕಣಿವೆಯತ್ತ ಇಣುಕಿದ. ಆಮೇಲೆ ಈಟಿಯವನತ್ತ ತಿರುಗಿ, "ನಿಂತ್ಕೊಂಡು ಏನು ನೋಡ್ತೀಯ? ಹೋಗಿ ಹುರುಳಿ ತಾ" ಎಂದ.

ಇಂದಿಗೂ ಬಂಡೆ ಹತ್ತುವವರು ಆ ಗೊರಸಿನ ಗುಳಿಗಳಲ್ಲಿ ಹಿಡಿ ಹುರುಳಿ ಹಾಕುತ್ತಾರೆ. ತಿಂದು ತಿಂದು ಅಲ್ಲಿನ ಅಳಿಲುಗಳು ಓಡಲಾರದಷ್ಟು ಕೊಬ್ಬಿವೆ. ತುದಿಯ ಗಾಳಿಗೆ ಹೆದರಿದವರು ಪಕ್ಕದವರ ರಟ್ಟೆಯನ್ನು ಗಟ್ಟಿಯಾಗಿ ಹಿಡಿಯುವುದೂ, ಕೆಳಗಿನಿಂದ ಯಾರಾದರೊಬ್ಬರು "ಬಿಡೋ!" ಎಂದು ಕೂಗುವುದೂ ಪದ್ಧತಿಯೇ ಆಗಿದೆ. ಮೊನ್ನೆ ಜಿಲ್ಲೆಯ ದೊಡ್ಡ ಸಾಹೇಬರು ಬಂದು ತುದಿಯಲ್ಲಿ ಜವಾನನ ರಟ್ಟೆ ಹಿಡಿದಾಗಲೂ ಯಾರೋ ಕೂಗಿದರು. ಸಾಹೇಬರು ಕೆಂಡದಂಥ ಕಣ್ಣು ಬಿಟ್ಟು ತಿರುಗಿದರು. ಅಷ್ಟರಲ್ಲಿ ಅವರ ಕೈ ಬಿಟ್ಟಾಗಿತ್ತು.